ನರಕದಲ್ಲಿ ಬುಧವಾರ

ನರಕದ ವಿಚಾರದಲ್ಲಿ ನಮ್ಮ ಪುರಾಣಕಾರರ ಮೇಲೆ ನನಗೊಂದು ಹಳೆಯ ಮುನಿಸಿದೆ. ಸುಳ್ಳು ಹೇಳಿದವನಿಗೂ ಎಣ್ಣೆ ಕೊಪ್ಪರಿಗೆ, ಕಳ್ಳನಿಗೂ ಎಣ್ಣೆ ಕೊಪ್ಪರಿಗೆ ಎಂದರೆ ಅದು ನ್ಯಾಯಸ್ಥಾನವೋ ಮಿರ್ಚಿ ಅಂಗಡಿಯೋ? ಕೊಂಚ ಶ್ರಮ ತೆಗೆದುಕೊಂಡವರೂ ಇದ್ದಾರೆ, ಒಪ್ಪುತ್ತೇನೆ. ಅತಿಥಿಗೆ ಇಕ್ಕದೆ ಉಂಡವನಿಗೆ ಹುಳುಗಳೇ ಊಟ, ಆ ಹುಳುಗಳಿಗೆ ಅವನೇ ಊಟ ಎಂದು ಎಲ್ಲೋ ಓದಿದ್ದೆ. ಯಾವುದೋ ಪರದೇಶದ ಕಾವ್ಯದಲ್ಲಿ, ಮುಂದಾಗುವುದನ್ನು ಹೇಳುತ್ತೇನೆಂದು ಊರಿಗೆಲ್ಲ ಟೋಪಿ ಹಾಕಿದವರ ಕತ್ತನ್ನು ಹಿಂದಕ್ಕೆ ತಿರುಗಿಸಿ ನಡೆಸುತ್ತಾರಂತೆ. ಭಲೇ ಎನಿಸಿತು. ಶಿಕ್ಷೆಯೆಂದರೆ ಹಾಗೆ, ಅಳತೆ ತೆಗೆದು ಹೊಲಿದ ಅಂಗಿಯಂತೆ ಮೈಗೆ ಕೂರಬೇಕು.

ನಾನು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು. ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಗಣಪತಿ ಹಬ್ಬಕ್ಕೆ ನಾವು ನೌಕರರು ಆಡುವ ನಾಟಕಕ್ಕೆ ಯಮಲೋಕದ ದೃಶ್ಯ ಬರೆಯುವ ಕೆಲಸ ನನಗೆ ಬಂತು. ಯಮನ ಪಾತ್ರವೂ ನನ್ನದೇ. ನನ್ನಷ್ಟು ಗದರುವವರು ಕಚೇರಿಯಲ್ಲಿ ಬೇರೆ ಯಾರೂ ಇಲ್ಲವೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಅದನ್ನು ಹೊಗಳಿಕೆ ಎಂದೇ ತಿಳಿದೆ. ಬಹುದಿನದ ಆಸೆ ತೀರುವಂತೆ ಬರೆದೆ. ಹಾಲಿಗೆ ನೀರು ಬೆರೆಸಿದವನು ಸೂಳೆಕೆರೆಯಷ್ಟು ದೊಡ್ಡ ಕೆರೆಯಿಂದ ತನ್ನ ಪಾವು ಹಾಲನ್ನು ಬೇರ್ಪಡಿಸಬೇಕು. ಹೇಳಿದ ದಿನಕ್ಕೆ ಬಟ್ಟೆ ಕೊಡದ ದರ್ಜಿ ಚಳಿಯಲ್ಲಿ ಬರಿಮೈಯಲ್ಲಿ ನಿಂತಿರಬೇಕು; ಬಟ್ಟೆ ಕೇಳಿದಾಗಲೆಲ್ಲ ಯಮದೂತರು "ಬುಧವಾರ ಬಾ" ಎನ್ನಬೇಕು. ನರಕದಲ್ಲಿ ಬುಧವಾರವೇ ಇರುವುದಿಲ್ಲ!

ಓದಿ ಹೇಳಿದಾಗ ನನ್ನಾಕೆ ನಗಲಿಲ್ಲ. "ಯಮನ ನಿಲುವಂಗಿ ಹೊಲಿಯಾಕೆ ಟೈಲರ್ ಮಂಜಣ್ಣಗೆ ಕೊಟ್ಟೀರಿ. ಅವನ್ನೇ ನರಕಕ್ಕೆ ಹಾಕೀರಲ್ಲ, ಬುದ್ಧಿ ಐತೇನ್ರೀ?"

"ಅವನಿಗೆ ಹೇಗೆ ಗೊತ್ತಾಗುತ್ತೆ?" ಎಂದೆ. ನಮ್ಮ ತಾಲೀಮು ನಡೆಯುತ್ತಿದ್ದದ್ದು ಮಂಜಣ್ಣನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಎಂಬುದೂ, ನನ್ನ ಯಮ ಮೆಲ್ಲಗೆ ಮಾತಾಡುವವನಲ್ಲ ಎಂಬುದೂ ಆಗ ನೆನಪಾಗಲಿಲ್ಲ.

ನಾಟಕ ಏಳು ಗಂಟೆಗೆ ಸರಿಯಾಗಿ ಶುರುವಾಗುತ್ತದೆಂದು ನಾನೇ ಮೈಕಿನಲ್ಲಿ ಊರಿಗೆಲ್ಲ ಸಾರಿದ್ದೆ. ನನ್ನ ಸರ್ವಿಸಿನಲ್ಲೇ ಯಾವುದಕ್ಕೂ ತಡ ಮಾಡಿದವನಲ್ಲ. ನಾಟಕದ ದಿನ ಸಂಜೆ ಐದಕ್ಕೇ ನಿಲುವಂಗಿಗೆಂದು ಅಂಗಡಿಗೆ ಹೋದೆ. ಮಂಜಣ್ಣ ಭಕ್ತಿಯಿಂದ ಎದ್ದು ನಿಂತ.

"ತೋಳು ಕೂಡಿಸೋದೊಂದು ಬಾಕಿ ಐತಿ ಸಾರ್. ಅಳತಿಗೆ ಅಂಗಿ ಬಿಚ್ಚಿ ಕೊಡ್ರಿ."

ಕೊಟ್ಟೆ. ಅವನು ಅದನ್ನು ನೀಟಾಗಿ ಮಡಿಚಿ ಒಳಗಿಟ್ಟು, ನನಗೊಂದು ಸ್ಟೂಲು ಹಾಕಿ, ಪಕ್ಕದಂಗಡಿಗೆ ಚಹಾ ಹೇಳಿದ. ಚಹಾ ಬಂತು, ತೋಳು ಬರಲಿಲ್ಲ. ಆರೂವರೆಯಾಯಿತು. ಬೀದಿಗುಂಟ ಜನ ನಾಟಕಕ್ಕೆ ಹೊರಟಿದ್ದರು, ಬನಿಯನ್ನಿನಲ್ಲಿ ಕೂತ ನನ್ನನ್ನು ನೋಡಿ, "ನಮಸ್ಕಾರ ಸಾರ್, ಏಳಕ್ಕೇ ಅಲ್ಲೇನ್ರೀ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

"ಮಂಜಣ್ಣ, ಬೇಗ ಮಾಡೋ ಮಾರಾಯ!"

ಅವನು ಕಾಲನ್ನು ಪೆಡಲಿನ ಮೇಲಿಟ್ಟು, ತುಳಿಯದೆ ಕೇಳಿದ: "ಸಾರ್, ನಿಮ್ಮ ನಾಟಕದಾಗೆ ಆ ಟೈಲರ್‌ಗೆ ಕೊನಿಗಾದ್ರೂ ಬಟ್ಟೆ ಸಿಗ್ತೈತೋ ಇಲ್ಲೋ?"

"ಸಿಗುತ್ತೆ."

"ಯಾವಾಗ್ರೀ?"

"ಯಾವಾಗ ಅಂದರೆ... ಇವತ್ತೇ! ಈಗಲೇ!"

ಚಕ್ರ ತಿರುಗಿತು. ಹತ್ತು ನಿಮಿಷದಲ್ಲಿ ಎರಡೂ ತೋಳು ಕೂಡಿಕೊಂಡವು. ನಿಲುವಂಗಿ ತೊಟ್ಟು, ಕೋಣವಿಲ್ಲದ ಯಮನಾಗಿ ಬೀದಿಯಲ್ಲಿ ಓಡಿದೆ. ಏಳಕ್ಕೆ ಪರದೆ ಎದ್ದಿತು. ಸಿಂಹಾಸನದಿಂದ ನಾನು ಗುಡುಗಿದೆ: "ಯಾರಲ್ಲಿ! ಈ ದರ್ಜಿಗೆ ತಕ್ಷಣ ಬಟ್ಟೆ ಕೊಡಿ!" ಬರೆದದ್ದು ಬೇರೆ, ಆಡಿದ್ದು ಬೇರೆ, ಯಮದೂತರಿಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲ ಸಾಲಿನಲ್ಲಿದ್ದ ಮಂಜಣ್ಣ ಮಾತ್ರ ಚಪ್ಪಾಳೆ ತಟ್ಟಿದ.

ಮರುದಿನ ನನ್ನ ಅಂಗಿಗೆಂದು ಅಂಗಡಿಗೆ ಹೋದೆ. "ಎಂಥಾ ಧರ್ಮಬುದ್ಧಿ ಸಾರ್ ನಿಮ್ಮ ಯಮಂದು!" ಎಂದು ಕೈ ಮುಗಿದ. "ಅಂಗಿ ಎಲ್ಲಪ್ಪ?" ಎಂದೆ. "ಕಾಲರ್ ಸವೆದಿತ್ತಲ್ರೀ, ಬಿಚ್ಚೀನಿ. ತಿರುವಿ ಹಾಕಿ, ಇಸ್ತ್ರಿ ಮಾಡಿ ಇಟ್ಟಿರ್ತೀನಿ. ಬುಧವಾರ ಬರ್ರಿ."

ಬುಧವಾರ ಬೆಳಿಗ್ಗೆ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಅವನ ಮೆಟ್ಟಿಲ ಮೇಲೆ ಕೂತೆ. ನರಕದಲ್ಲಿ ಬುಧವಾರ ಇರುವುದಿಲ್ಲವೆಂದು ಬರೆದದ್ದು ನನ್ನದೇ ತಪ್ಪು. ಇರುತ್ತದೆ, ಅಂಗಡಿಯ ಬಾಗಿಲು ಮಾತ್ರ ತೆಗೆದಿರುವುದಿಲ್ಲ.