ಶ್ರೀಶೈಲಪ್ಪ ಮಾಸ್ತರರ ಡಿಕ್ಕಿ ತಪ್ಪಿಸುವ ಡಬ್ಬಿ

ಆಕಾಶದಲ್ಲಿ ಡಿಕ್ಕಿ ಎಂಬುದು ಇನ್ನು ಇತಿಹಾಸ, ಇದನ್ನು ಹೆಂಡತಿಗೆ ಒಂದೇ ಬೆಳಗಿನಲ್ಲಿ ಮನವರಿಕೆ ಮಾಡಿಕೊಟ್ಟೇ ತೀರುತ್ತೇನೆ ಎಂದು ಶ್ರೀಶೈಲಪ್ಪ ಮಾಸ್ತರರು ಶಪಥ ಮಾಡಿದ್ದು 2006ರ ಸಂಕ್ರಾಂತಿಯ ಮರುದಿನ.

ಮುದ್ದೇಬಿಹಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು, ರಜೆ ಬಂತೆಂದರೆ ಪುಣೆಯ ಬಸ್ಸು ಹತ್ತಿ, ಅಲ್ಲಿ ಇಂಜಿನ್ನೇ ಇಲ್ಲದ ಗ್ಲೈಡರ್ ವಿಮಾನದಲ್ಲಿ ಹದ್ದಿನಂತೆ ಸುತ್ತಿ ಬರುತ್ತಿದ್ದರು. ದೀಪಾವಳಿ ರಜೆಯಲ್ಲಿ ಇನ್ನೊಂದು ಗ್ಲೈಡರ್ ಅವರ ನೆತ್ತಿ ಸವರಿದಂತೆ ಹಾದುಹೋಗಿತ್ತು. ಮನೆಯಲ್ಲಿ ಅವರು ಬಾಯಿ ಬಿಡಲಿಲ್ಲ, ನಿದ್ದೆಯಲ್ಲಿ ಬಿಟ್ಟರು. ಅಂದಿನಿಂದ ಅವರ ಹೆಂಡತಿ, ಶಾಲೆಯ ಟೀಚರ್ ವಿದ್ಯಾವತಿ, ಪುಣೆಯ ಹೆಸರೆತ್ತಲೂ ಬಿಡಲಿಲ್ಲ.

ಆಗ ಪುಣೆಯ ಗೆಳೆಯನೊಬ್ಬ ಜರ್ಮನಿಯಿಂದ ತಂದಿದ್ದ, ರೇಡಿಯೊದಲ್ಲಿ ಒಂದನ್ನೊಂದು ಗುರುತಿಸಿ ಡಿಕ್ಕಿಯ ಎಚ್ಚರಿಕೆ ಕೊಡುವ ಎರಡು ಡಬ್ಬಿಗಳನ್ನು ಕೊಟ್ಟು, ಒಂದನ್ನು ಆರಿಸಿಕೊಳ್ಳಲು ಹೇಳಿದ. ಒಂದರಲ್ಲಿ ಗಡಿಯಾರದ ಹಾಗೆ ಸುತ್ತಲೂ ಪುಟ್ಟ ದೀಪಗಳು. ಎದುರಿನಿಂದ ಗ್ಲೈಡರ್ ಬಂದರೆ ಹನ್ನೆರಡರ ಜಾಗದಲ್ಲಿ ಕೆಂಪು, ಬಲದಿಂದ ಬಂದರೆ ಮೂರರಲ್ಲಿ. ಅದು ಮೇಲಿದೆಯೋ ಕೆಳಗಿದೆಯೋ ಹೇಳಲು ಬದಿಗೆ ಬೇರೆ ದೀಪ. ಇನ್ನೊಂದರಲ್ಲಿ ಪರದೆ, ನಕ್ಷೆ, ಬಾಣ, ಅಂಕಿಗಳ ಜಾತ್ರೆ! ಮಾಸ್ತರರ ಮನಸ್ಸು ಪರದೆಗೇ ಸೋತಿತು.

ವಿದ್ಯಾವತಿ ಡಬ್ಬಿಯ ಬಗ್ಗೆ ಗಂಡ ಮಾಡಿದ ಪಾಠವನ್ನೆಲ್ಲ ಸಮಾಧಾನದಿಂದ ಕೇಳಿ, "ಎದುರಿಗೆ ಬರಾಂವ್ನ ಹತ್ರ ಡಬ್ಬಿ ಇಲ್ಲಂದ್ರ?" ಎಂದರು.

"ಇಲ್ಲಂದ್ರ ಆಂವ ಇದರಾಗ ಕಾಣೂದಿಲ್ಲ."

"ಕಾಣೂದಿಲ್ಲ ಅಂದ್ರ ಬಡಿಯೂದಿಲ್ಲೇನ್ರಿ?"

ಅದು ಥಿಯರಿ, ಪ್ರಾಕ್ಟಿಕಲ್ ನೋಡು ಎಂದು ಮಾಸ್ತರರು ಮಾತು ಮುಗಿಸಿದರು.

ಭಾನುವಾರ ಬೆಳಿಗ್ಗೆ ಇಬ್ಬರೂ ತಾಳಿಕೋಟೆ ದಾರಿಗೆ ಹೋದರು. ದೀಪದ ಡಬ್ಬಿಯನ್ನು ವಿದ್ಯಾವತಿಯ ಲೂನಾಕ್ಕೂ, ಪರದೆಯದನ್ನು ತಮ್ಮ ಸ್ಕೂಟರಿಗೂ ಕಟ್ಟಿ, ಎದುರುಬದುರಾಗಿ ಬರುವುದೆಂದು ಗೊತ್ತುಮಾಡಿದರು. ಪರದೆಯ ಮೇಲೆ ಬಾಣದ ರೂಪದಲ್ಲಿ ಧರ್ಮಪತ್ನಿ ಕಾಣಿಸಿಕೊಂಡಾಗ ಮಾಸ್ತರರಿಗೆ ಆದ ಆನಂದ ಮದುವೆಯ ದಿನವೂ ಆಗಿರಲಿಲ್ಲ! ಬಾಣ ಹತ್ತಿರವಾಯಿತು. ಅಂಕಿ ಇಳಿಯತೊಡಗಿತು. ಅವರು ಕಣ್ಣು ಕೀಳಲಿಲ್ಲ.

ಅತ್ತ ವಿದ್ಯಾವತಿ, ಕೆಂಪು ದೀಪ ಮಿಣುಕಿದ್ದೇ ತಡ, ತಲೆಯೆತ್ತಿ ರಸ್ತೆ ನೋಡಿ ಲೂನಾ ನಿಲ್ಲಿಸಿದರು. ಇಬ್ಬರ ನಡುವೆ ಗುಂಡವ್ವನೆಂಬ ಮುದುಕಿ, ಗಾಡಿಗಳು ತುಳಿದು ಕಾಳು ಬಿಡಿಸಲೆಂದು ರಸ್ತೆಯ ಮೇಲೆ ಹರವಿದ್ದ ತೊಗರಿಯನ್ನು ಆಗಷ್ಟೇ ಗುಡ್ಡೆ ಮಾಡಿದ್ದಳು. ಸ್ಕೂಟರ್ ನೇರವಾಗಿ ಅದರೊಳಗೆ ನುಗ್ಗಿತು. ಧೂಳು ಇಳಿದಾಗ ಮಾಸ್ತರರು ಎದೆಮಟ್ಟ ತೊಗರಿಯಲ್ಲಿ ಕುಳಿತಿದ್ದರು.

ಕಸಬರಿಗೆ ಹಿಡಿದೇ ಬಂದ ಗುಂಡವ್ವ ಕೇಳಿದಳು: "ಇಷ್ಟು ದೊಡ್ಡ ರಾಶಿ ಕಾಣಲಿಲ್ಲೇನೋ ಯಪ್ಪಾ?"

ಗಾಬರಿಯಲ್ಲಿ ಮಾಸ್ತರರ ಬಾಯಿಂದ ಸತ್ಯವೇ ಹೊರಟಿತು. "ನಿನ್ನ ರಾಶಿಗೆ ಡಬ್ಬಿ ಇದ್ದಿದ್ದಿಲ್ಲಬೇ ಯವ್ವಾ."

ಆ ಬೆಳಿಗ್ಗೆಯೆಲ್ಲ ಗಂಡಹೆಂಡತಿ ಚೆಲ್ಲಿದ ತೊಗರಿ ಬಳಿದು, ಮೊರದಲ್ಲಿ ಕೇರಿ ಕೊಟ್ಟರು. ಮನೆಗೆ ಬಂದು, ಗಂಡನ ತಲೆಯಿಂದ ಹೊಟ್ಟು ಆರಿಸುತ್ತ ವಿದ್ಯಾವತಿ ತೀರ್ಪು ಕೊಟ್ಟರು: "ದೀಪದ್ದು ಇಟ್ಕೊಳ್ರಿ. ಅದು ಹೊರಗ ನೋಡು ಅಂತೈತಿ. ಪರದೆ ನನ್ನ ನೋಡು ಅಂತೈತಿ. ನೆತ್ತಿ ಮ್ಯಾಲೆ ಹಾದದ್ದು ನಿದ್ದಿಗಣ್ಣಾಗ ಹೇಳಿದ್ರಿ, ಎಷ್ಟು ಅಂಜಿದ್ದೆ ಗೊತ್ತೇನ್ರಿ? ಹೋಗ್ರಿ, ಆದ್ರ ನಾನೂ ಬರ್ತೇನಿ."

ಬೇಸಿಗೆಯಲ್ಲಿ ಇಬ್ಬರೂ ಪುಣೆಗೆ ಹೋದರು. ತರಬೇತುದಾರರು ವಿದ್ಯಾವತಿಯನ್ನು ಸುಮ್ಮನೆ ಒಂದು ಸುತ್ತು ಹಾರಿಸಿಕೊಂಡು ಬಂದವರು, ಇಳಿದ ಕೂಡಲೇ ಮಾಸ್ತರರನ್ನು ಕರೆದು, ದೀಪ ಮಿಣುಕುವ ಮೊದಲೇ ನಿಮ್ಮ ಶ್ರೀಮತಿಯವರು ಪಕ್ಕದ ಗ್ಲೈಡರ್ ತೋರಿಸಿದರು, ಇಂಥ ಕಣ್ಣಿನವರು ಕಲಿಯಲೇಬೇಕು ಎಂದರು.

ಹೀಗೆ ಮರುದಿನ ಮಾಸ್ತರರ ಪಾಲಿಗೆ ಬಂದದ್ದು, ತರಬೇತುದಾರರ ಜೊತೆ ಹಾರಲು ಹೊರಟ ಹೆಂಡತಿಯ ಗ್ಲೈಡರಿನ ರೆಕ್ಕೆ ವಾಲದಂತೆ ತುದಿ ಹಿಡಿದು ಓಡುವ ಕೆಲಸ. ಓಡಿದರು. ರೆಕ್ಕೆ ಕೈಬಿಟ್ಟು ಮೇಲೇರಿತು. ಏದುಸಿರು ಬಿಡುತ್ತ ನಿಂತವರನ್ನು ಸೊಲ್ಲಾಪುರ ಕಡೆಯ ಹೊಸಬರೊಬ್ಬರು, ನೀವೂ ಪೈಲಟ್ಟರೇನು ಎಂದು ವಿಚಾರಿಸಿದರು.

ಮಾಸ್ತರರು ಒಮ್ಮೆ ಆಕಾಶ ನೋಡಿದರು.

"ಇಲ್ರಿ. ನಾ ನಮ್ಮ ಮನಿಯಾಕಿನ್ನ ಬಿಡಾಕ ಬಂದೇನಿ."