ನನ್ನ ಮತದ ದಾರಿಗೆ ಅಡ್ಡ ನಿಂತ ಮೂಸ್ ಮಹಾಶಯರಿಗೆ

ಮಾನ್ಯರೇ,

ಅಮೆರಿಕದ ಮೇನ್ ರಾಜ್ಯದ ಉತ್ತರದ ಕಾಡುಗಳಿಗೆಲ್ಲ ಒಡೆಯರೂ, ಕೋಣದ ಮೈ ಒಂಟೆಯ ಕಾಲು ಪಡೆದ ಕಡವೆಕುಲದ ಹಿರಿಯರೂ ಆದ ತಮ್ಮ ಪಾದಗಳಿಗೆ, ಅಂದರೆ ನಾಲ್ಕೂ ಗೊರಸುಗಳಿಗೆ, ಆ್ಯಶ್‌ಲ್ಯಾಂಡಿನ ಶಾಲಾ ಬಸ್ಸಿನ ನಿವೃತ್ತ ಚಾಲಕಿ ಓಡೆಟ್ ಥಿಬೋಡೊ ಮಾಡುವ ನಮಸ್ಕಾರಗಳು. ಈ ಚಳಿಯಲ್ಲೂ ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ನನ್ನ ಕಾರಿನ ಉಪ್ಪು ತಿಂದ ಮೇಲೆ ಚೆನ್ನಾಗಿರಲೇಬೇಕು.

ತಮಗೆ ಪತ್ರಿಕೆ ಓದುವ ಪುರುಸೊತ್ತು ಇಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಜನ ನವೆಂಬರಿನಲ್ಲಿ ಅಧ್ಯಕ್ಷರಿಗೆ ಮತ ಹಾಕುತ್ತಾರೆ, ಅಥವಾ ಹಾಕಿದೆವೆಂದು ತಿಳಿಯುತ್ತಾರೆ. ನಿಜವಾಗಿ ಅವರು ಆರಿಸುವುದು ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳನ್ನು. ಈ ಪ್ರತಿನಿಧಿಗಳು ಡಿಸೆಂಬರಿನಲ್ಲಿ ತಂತಮ್ಮ ರಾಜ್ಯದ ರಾಜಧಾನಿಯಲ್ಲಿ ಸೇರಿ, ಚೀಟಿಯಲ್ಲಿ ಮತ ಹಾಕಿ, ಸಹಿ ಮಾಡಿ, ಮೊಹರು ಒತ್ತಿ ವಾಷಿಂಗ್ಟನ್ನಿಗೆ ಕಳಿಸಿದರೇನೇ ಅದು ಮತ. ಮೇನ್‌ಗೆ ಅಂಥವು ನಾಲ್ಕೇ; ಅದರಲ್ಲಿ ನಮ್ಮ ಉತ್ತರದ ಕ್ಷೇತ್ರಕ್ಕೆಂದೇ ಬೇರೆಯಾಗಿ ಒಂದು. ಆ ಒಂದನ್ನು ಹಾಕುವ ಭಾಗ್ಯ, ಪಕ್ಷದ ಶನಿವಾರದ ಊಟಗಳಿಗೆ ಬೀನ್ಸ್ ಬೇಯಿಸಿ ಬೇಯಿಸಿ ಬೆನ್ನು ಬಾಗಿಸಿಕೊಂಡ ನನಗೆ ಈ ಸಲ ಒದಗಿತ್ತು. ಅದೂ ನೆರೆಮನೆಯ ಮರ್ಲ್ ಸ್ಪ್ರಾಗ್‌ನನ್ನು ಪಕ್ಷದ ಸಭೆಯಲ್ಲಿ ಸೋಲಿಸಿ ಪಡೆದದ್ದು.

ಹೊಸ ಕೋಟು ತೊಟ್ಟು ರಾಜಧಾನಿ ಅಗಸ್ಟಾಗೆ ಹೊರಟ ನನ್ನನ್ನು ತಾವು ಕಾಡುದಾರಿಯ ನಟ್ಟನಡುವೆ ತಡೆದು, ಹಿಮ ಕರಗಲೆಂದು ರಸ್ತೆಗೆ ಎರಚಿ ಕಾರಿಗೆಲ್ಲ ಮೆತ್ತಿದ್ದ ಉಪ್ಪನ್ನು, ಬಂಪರಿನಿಂದ ಹಿಡಿದು ಬಾಗಿಲವರೆಗೆ, ಪಾಯಸ ಸವಿಯುವವರಂತೆ ನೆಕ್ಕಿದಿರಿ. ಹಾರ್ನಿಗೆ ಕೈ ಹಾಕಿದರೆ ನನ್ನ ಗಂಡ ರೋಲಾನ್, “ಸುಮ್ನಿರೇ ಮಾರಾಯ್ತಿ! ಅದಕ್ಕೆ ಸಿಟ್ಟು ಬಂದ್ರೆ ಕಾರು ಹಪ್ಪಳ ಆಗುತ್ತೆ” ಎಂದು ಕೈ ಹಿಡಿದುಕೊಂಡ. “ಅಪ್ಪಾ, ದೇಶದ ಅಧ್ಯಕ್ಷರು ಕಾಯ್ತಿದಾರೆ, ಒಂಚೂರು ಸರಿಯಪ್ಪಾ” ಎಂದು ನಾನು ಗಾಜಿನೊಳಗಿಂದ ಕೈಮುಗಿದೆ. ತಾವು ಕನ್ನಡಿ ನೆಕ್ಕಿದಿರಿ.

ನಾನು ಅಗಸ್ಟಾ ಮುಟ್ಟುವಷ್ಟರಲ್ಲಿ, ಗೈರಾದವರ ಜಾಗಕ್ಕೆ ಹಾಜರಿದ್ದ ಪ್ರತಿನಿಧಿಗಳೇ ಬೇರೆಯವರನ್ನು ಆರಿಸಿಕೊಳ್ಳಬಹುದೆಂಬ ನಿಯಮದಂತೆ, ಸುಮ್ಮನೆ ನೋಡಲು ಬಂದಿದ್ದ ಮರ್ಲ್‌ನನ್ನೇ ಕೂರಿಸಿ, ಮತ ಹಾಕಿಸಿ, ಮೊಹರು ಒತ್ತಿ ಮುಗಿಸಿದ್ದರು. “ನೀನು ಬರಲ್ಲ ಅಂದ್ಕೊಂಡ್ವಿ ಓಡೆಟ್. ಪೆನ್ನು ಮಾತ್ರ ಏನು ಚೆನ್ನಾಗಿತ್ತು ಅಂತೀಯಾ!” ಎಂದ, ಹಾಳಾದವನು.

ಜನವರಿಯಲ್ಲಿ ವಾಷಿಂಗ್ಟನ್ನಿನ ಎರಡೂ ಸದನಗಳ ಮುಂದೆ ಮರದ ಪೆಟ್ಟಿಗೆಗಳಿಂದ ಲಕೋಟೆ ತೆಗೆದು, ಒಂದೊಂದೇ ರಾಜ್ಯದ ಹೆಸರು ಓದಿ ಎಣಿಸುವುದನ್ನು ಟಿವಿಯಲ್ಲಿ ನೋಡಿದೆ. ಮೇನ್ ಬಂತು, ರೋಲಾನ್ ಒಮ್ಮೆ ಸೀನಿ ಮೂಗೊರೆಸುವಷ್ಟರಲ್ಲಿ ಮೇರಿಲ್ಯಾಂಡ್ ಶುರುವಾಗಿತ್ತು. ನಮ್ಮ ಮತ ಸರಿಯಾದ ಹೆಸರಿಗೇ ಬಿದ್ದಿತ್ತು. ನವೆಂಬರಿನಲ್ಲಿ ಜನ ಗೆಲ್ಲಿಸಿದವರನ್ನು ಬಿಟ್ಟು ಬೇರೆಯವರಿಗೆ ಹಾಕಲು ನಮ್ಮ ರಾಜ್ಯದ ಕಾನೂನೇ ಬಿಡುವುದಿಲ್ಲವಲ್ಲ! ನಾನು ಹಾಕಿದ್ದರೂ ಅದೇ, ಮರ್ಲ್ ಹಾಕಿದರೂ ಅದೇ. ಅದಕ್ಕೇ ನನಗೆ ಅಳು ಬಂತು.

ಉಪ್ಪಿನ ಋಣ ತಮ್ಮ ಮೇಲಿರುವುದರಿಂದ ಒಂದು ಸಣ್ಣ ಕೋರಿಕೆ. ದಯವಿಟ್ಟು ವಾಷಿಂಗ್ಟನ್ನಿನವರೆಗೆ ನಡೆದುಹೋಗಿ, ನಾನು ದಾರಿಯಲ್ಲೇ ಇದ್ದೆನೆಂದು ಸಾಕ್ಷಿ ನುಡಿದು, ಆ ಕಾಗದದ ಮೇಲೆ ಮರ್ಲ್‌ನ ಸಹಿ ಇರುವ ಕಡೆ ಒಮ್ಮೆ ನಾಲಿಗೆ ಆಡಿಸಿ ಬರಬೇಕು. ಕನ್ನಡಿಯನ್ನು ಅಷ್ಟು ಚೊಕ್ಕಟ ಮಾಡಿದವರಿಗೆ ಶಾಯಿ ಯಾವ ಲೆಕ್ಕ.

ಈಗಲೂ ಹೊಸ ಕೋಟು ಮಡಚಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ
ಓಡೆಟ್ ಥಿಬೋಡೊ

ತಾ.ಕ.: ಮುಂದಿನ ಸಲ ತಾವೇ ಪ್ರತಿನಿಧಿಯಾಗಬಹುದೇ ಎಂದು ವಿಚಾರಿಸಿದೆ. ಸಂಸತ್ತಿನ ಸದಸ್ಯರಾಗಿರಬಾರದು, ಕೇಂದ್ರ ಸರ್ಕಾರದ ಹುದ್ದೆಯಲ್ಲಿರಬಾರದು ಎಂದಿದೆ. ಎರಡೂ ತೊಡಕು ತಮಗಿಲ್ಲ. ಆದರೆ ತಾವು ಯಾರ ಮಾತೂ ಕೇಳದೆ ತಮಗೆ ಬೇಕಾದ ಕಡೆ ನಿಲ್ಲುವವರೆಂದು ರೋಲಾನ್ ನೆನಪಿಸಿದ. ಹಾಗಾದರೆ ಆಗುವುದಿಲ್ಲ ಬಿಡಿ; ಆ ಕೆಲಸಕ್ಕೆ ನಾನು, ಮರ್ಲ್, ಇಂಥವರೇ ಸರಿ.