ಮಾವ ಹೇಳಿದ ಫುಟ್‌ಬಾಲ್ ಸಿನಿಮಾ

ನಮ್ಮ ಸೋದರಮಾವ ಟಾಕೀಸಿಗೆ ಬಂದರೆ ಪರದೆಯೇ ಬೇಕಾಗಿಲ್ಲ! ಗುಡೇಕೋಟೆಯಲ್ಲಿ ಕುರಿ ಸಾಕಿಕೊಂಡಿರುವ ಈ ಮನುಷ್ಯ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳದೆ ಇರಲಾರ. ಮಗಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಹದಿನಾರು ವರ್ಷ ಅವಳಿಗೆ ಎಲ್ಲವನ್ನೂ ಹೇಳಿ ಹೇಳಿ ಅದೇ ಚಾಳಿಯಾಗಿಬಿಟ್ಟಿದೆ. ಬಸ್ಸಿನಲ್ಲಿ ಪಕ್ಕದವರಿಗೂ "ಎಮ್ಮಿ ಅಡ್ಡ ಬಂತು ನೋಡ್ರಿ" ಎನ್ನುತ್ತಾನೆ. ಒಂದು ಮದುವೆ ಊಟದಲ್ಲಿ, ಎದುರಿಗೆ ಕೂತ ಬೀಗರು ಏಳನೇ ಹೋಳಿಗೆಗೆ ಕೈಹಾಕಿದ್ದನ್ನು ಇಡೀ ಪಂಕ್ತಿಗೆ ಕೇಳುವಂತೆ ಸಾರಿದ್ದ. ಅವರು ಈಗಲೂ ನಮ್ಮ ಮನೆಗೆ ಬರುವುದಿಲ್ಲ.

ಟಾಕೀಸಿನವರಂತೂ ಇವನನ್ನು ಇಂಟರ್‌ವಲ್ಲಿಗೇ ಹೊರಗೆ ಕಳಿಸುತ್ತಾರೆ. ಹೀಗಾಗಿ ಆ ಹುಡುಗಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ಕೇಳಿಲ್ಲ. ಮೊನ್ನೆ ಹರಪನಹಳ್ಳಿಗೆ, ಕಣ್ಣಿಲ್ಲದ ಹುಡುಗನೊಬ್ಬ ಫುಟ್‌ಬಾಲ್ ಆಡುವ ಸಿನಿಮಾ ಬಂತು. ಇವಳು ಹಟ ಹಿಡಿದಳು. ನಾನೂ ಜೊತೆಗೆ ಹೊರಟೆ.

"ಇದನ್ನರ ಕೊನಿತನಕ ನೋಡಬೇಕಪ್ಪ. ಸಣ್ಣಗೆ ಹೇಳು."

"ಪಿಸುಪಿಸು ಅಂತೀನಿ ಬಿಡವ್ವ."

ಕುರಿ ಕಾಯುವವನ ಪಿಸುಮಾತು! ಗುಡ್ಡದಾಚೆಯ ಟಗರೂ ತಿರುಗಿ ನೋಡುತ್ತದೆ. ಅದೂ ಹೋಗಲಿ, ಮಾವ ಫುಟ್‌ಬಾಲ್ ಕಂಡವನೇ ಅಲ್ಲ.

"ಚೆಂಡಿನಾಗ ಗೆಜ್ಜಿ ಇಟ್ಟಾರವ್ವ, ಆ ಸಪ್ಪಳ ಕೇಳಿ ಓಡ್ತಾರ. ಹಟ್ಟಿ ಬಾಗಲದಾಗ ಒಬ್ಬಾವ ನಿಂತಾನ."

ಗೋಲನ್ನು ಕುರಿಹಟ್ಟಿ ಮಾಡಿದ ಮೇಲೆ ನಿಯಮವೂ ಕುರಿಯದೇ ಆಯಿತು. ನಮ್ಮ ಹಟ್ಟಿಯೊಳಗೆ ಬಂದದ್ದು ನಮ್ಮದು! ಎದುರಾಳಿಗಳು ನಮ್ಮ ಹುಡುಗನ ಬಲೆಗೆ ಗೋಲು ಹೊಡೆದಾಗ ಮಾವ "ನಮ್ಮ ಹಟ್ಟಿಗೇ ಬಂತವ್ವ" ಎಂದು ಚಪ್ಪಾಳೆ ತಟ್ಟಿದ. ಟಾಕೀಸೆಲ್ಲ ನಕ್ಕಿತು. ಹಿಂದಿನ ಸಾಲಿನ ಮೀಸೆಯವರೊಬ್ಬರು ಮಾತ್ರ ನಗಲಿಲ್ಲ.

"ಯಜಮಾನ್ರ, ಬಾಯಿ ಮುಚ್ಚಿಕೆಂಡು ಕುಂದ್ರುತೀರೋ, ಗೇಟಿನವನ್ನ ಕರೀಲೋ?"

ಮಾವ ಟವೆಲು ಹೆಗಲಿಗೇರಿಸಿ ಏಳಹೋದ. ಆಮೇಲೆ, "ನನ್ನ ಮಗಳಿಗೆ ಕಣ್ಣು ಕಾಣಂಗಿಲ್ರಿ" ಎಂದ. ಮಗಳನ್ನು ಮುಂದೆ ಮಾಡಿ ಕನಿಕರ ಕೇಳುವ ಆಸಾಮಿಯೇ ಅಲ್ಲ ಅವನು. ಇಷ್ಟು ವರ್ಷ ಸುಮ್ಮನೆ ಎದ್ದು ಹೊರಗೆ ಬರುತ್ತಿದ್ದನೇ ಹೊರತು ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಮೀಸೆಯವರು ಗೇಟಿನವನನ್ನು ಕರೆಯಲಿಲ್ಲ. ಇಂಟರ್‌ವಲ್ ಮುಗಿದರೂ ನಾವು ಒಳಗೇ ಇದ್ದೆವು.

ಕೊನೆಯ ಆಟ ಬಂತು. ಆಡುವ ಹುಡುಗನಿಗೆ ಚೆಂಡಿನ ಸಪ್ಪಳ ಕೇಳಲೆಂದು ಪರದೆಯ ಮೇಲಿನ ಜನವೆಲ್ಲ ಮೌನವಾಯಿತು. ಟಾಕೀಸೂ ಮೌನ. ಮಾವನೂ ಮೌನ! ಹುಡುಗ ಓಡಿದ, ಒದ್ದ. ಮೀಸೆಯವರೇ ಮುಂದಕ್ಕೆ ಬಾಗಿದರು.

"ಹೇಳ್ರಿ ಯಜಮಾನ್ರ, ಆಕಿ ಕಾಯಾಕತ್ಯಾಳ."

ನಾನು ತಿರುಗಿ ನೋಡಿದೆ. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಪರದೆ ಅವನಿಗೆ ಕಾಣುತ್ತಲೇ ಇರಲಿಲ್ಲ.

ಮಗಳು ತಡಕಾಡಿ ಅವನ ಕೈ ಹಿಡಿದುಕೊಂಡಳು.

"ಗೆಜ್ಜಿ ಸಪ್ಪಳ ಬಲಿಗೆ ಬಡಿದು ನಿಂತತಪ್ಪ. ಗೋಲಾತು. ಈ ಸಲ ಅವರ ಹಟ್ಟಿಯಾಗ. ನೀ ಅಳು, ಮುಂದಿಂದು ನಾ ಹೇಳ್ತೀನಿ."